ಜಠರಕ್ಕೆ ಸಂದ ಅತಿಯಾದ ಗೌರವ

ಮಾನ್ಯರೆ,

ಜೀರ್ಣಕ್ರಿಯೆಯನ್ನು ಕುರಿತು ತಾವು ಕಳುಹಿಸಿದ ‘ತುತ್ತಿನ ಪಯಣ’ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಭಾಷೆ ಶುದ್ಧವಾಗಿದೆ, ಓದಿಸಿಕೊಂಡೂ ಹೋಗುತ್ತದೆ. ಆದರೆ ಆರು ಪುಟಗಳಲ್ಲಿ ಮೂರನ್ನು ಜಠರಕ್ಕೇ ಧಾರೆಯೆರೆದು, ಸಣ್ಣ ಕರುಳನ್ನು ನಾಲ್ಕು ಸಾಲುಗಳಲ್ಲಿ ದಾಟಿಬಿಟ್ಟಿದ್ದೀರಿ.

ಶಸ್ತ್ರಚಿಕಿತ್ಸೆಯಿಂದ ಜಠರವನ್ನು ಪೂರ್ತಿಯಾಗಿ ತೆಗೆದ ಮೇಲೂ ಮನುಷ್ಯ ಆಗಾಗ ಸ್ವಲ್ಪ ಸ್ವಲ್ಪವೇ ಉಂಡು, ಬಿ12 ಜೀವಸತ್ವವನ್ನು ಬೇರೆಯಾಗಿ ಪಡೆಯುತ್ತ ಬದುಕಬಲ್ಲ. ಸಣ್ಣ ಕರುಳೇ ಇಲ್ಲವಾದರೆ ಎಷ್ಟು ಉಂಡರೂ ಮೈಗೆ ಹತ್ತದು. ಪೋಷಕಾಂಶಗಳನ್ನು ನೇರವಾಗಿ ರಕ್ತನಾಳಕ್ಕೇ ಹರಿಸಬೇಕಾಗುತ್ತದೆ. ಸುಮಾರು 6 ಮೀಟರ್ ಉದ್ದದ ಆ ಕರುಳಿನ ಒಳಗೋಡೆಯ ಮಡಿಕೆಗಳು, ಮಡಿಕೆಗಳ ಮೇಲಿನ ಬೆರಳಿನಾಕಾರದ ವಿಲ್ಲೈಗಳು, ಅವುಗಳ ಜೀವಕೋಶಗಳ ಮೇಲೆ ಮತ್ತೆ ಸೂಕ್ಷ್ಮವಾದ ಕುಚ್ಚುಗಳು, ಇವೆಲ್ಲ ಇರುವುದು ಹೀರುವ ಮೇಲ್ಮೈಯನ್ನು ಹಿಗ್ಗಿಸುವುದಕ್ಕೆ. ಸಕ್ಕರೆ ಮತ್ತು ಅಮೈನೋ ಆಮ್ಲಗಳು ರಕ್ತಕ್ಕೆ ಸೇರಿ ಮೊದಲು ಯಕೃತ್ತಿಗೆ ಹೋಗುತ್ತವೆ. ಕೊಬ್ಬಿನ ಬಹುಪಾಲು ದುಗ್ಧರಸ (ಲಿಂಫ್) ನಾಳಗಳ ಸುತ್ತುದಾರಿ ಹಿಡಿಯುತ್ತದೆ. ಈ ಕವಲಿನ ಸುಳಿವೇ ನಿಮ್ಮ ಲೇಖನದಲ್ಲಿಲ್ಲ. ನೀರನ್ನು ಹೀರುವ ಕೆಲಸವನ್ನೆಲ್ಲ ದೊಡ್ಡ ಕರುಳಿಗೆ ವಹಿಸಿದ್ದೀರಿ, ಆದರೆ ಅದರ ಹೆಚ್ಚಿನ ಭಾಗ ನಡೆಯುವುದೂ ಸಣ್ಣ ಕರುಳಿನಲ್ಲಿಯೇ.

ಇನ್ನೆರಡು ತಪ್ಪುಗಳು ಗಂಭೀರವಾದವು. ‘ಆಹಾರವು ಜಠರದಿಂದ ಯಕೃತ್ತಿಗೂ ಅಲ್ಲಿಂದ ಮೇದೋಜೀರಕ ಗ್ರಂಥಿಗೂ ಸಾಗುತ್ತದೆ’ ಎಂದಿದ್ದೀರಿ. ತುತ್ತು ಆ ಎರಡರ ಒಳಗೂ ಕಾಲಿಡುವುದಿಲ್ಲ. ಅವುಗಳ ರಸಗಳೇ ಸಣ್ಣ ಕರುಳಿನ ಮೊದಲ ಭಾಗವಾದ ಡುಯೊಡಿನಮ್‌ಗೆ ಇಳಿದು ಬರುತ್ತವೆ. ಪಿತ್ತರಸವನ್ನು ಕಿಣ್ವವೆಂದು ಕರೆದಿರುವುದೂ ಸರಿಯಲ್ಲ: ಅದು ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಒಡೆದು ಚದುರಿಸುತ್ತದೆ, ಆಮೇಲೆ ಅದನ್ನು ಜೀರ್ಣಿಸುವುದು ಲೈಪೇಸ್ ಎಂಬ ಕಿಣ್ವ. ಜೊತೆಗೆ ಒಂದೇ ಅಂಗವನ್ನು ಒಂದು ಕಡೆ ಯಕೃತ್ತು, ಇನ್ನೊಂದು ಕಡೆ ಪಿತ್ತಜನಕಾಂಗ, ಮತ್ತೊಂದು ಕಡೆ ಲಿವರ್ ಎಂದು ಬರೆದಿದ್ದೀರಿ. ಹೊಸ ಓದುಗನ ಹೊಟ್ಟೆಯಲ್ಲಿ ಮೂರು ಅಂಗಗಳು ಹುಟ್ಟಿಕೊಳ್ಳುತ್ತವೆ.

ನಾಲ್ಕನೆಯ ಪುಟದಲ್ಲಿ, ಮಾಂಸವನ್ನೇ ಕರಗಿಸುವ ಜಠರ ತನ್ನನ್ನು ತಾನೇ ಏಕೆ ಕರಗಿಸಿಕೊಳ್ಳುವುದಿಲ್ಲ ಎಂದು ಕೇಳಿದ್ದೀರಿ. ಇಡೀ ಬರಹದಲ್ಲಿ ನಾನು ನಿಂತು ಓದಿದ ವಾಕ್ಯ ಅದೊಂದೇ. ಆದರೆ ‘ಸೃಷ್ಟಿಯ ವಿಸ್ಮಯ’ ಎಂದು ಕೈತೊಳೆದುಕೊಂಡಿದ್ದೀರಿ; ವಿಸ್ಮಯಪಡಬೇಕಾದವನು ಓದುಗ, ನೀವು ಕಾರಣ ಹೇಳಬೇಕಾದವರು. ಗೋಡೆಗೆ ಅಂಟಿದ ದಪ್ಪ ಲೋಳೆ, ಅದರಲ್ಲಿ ಬೆರೆತು ಆಮ್ಲವನ್ನು ತಣಿಸುವ ಬೈಕಾರ್ಬನೇಟ್, ಕೆಲವೇ ದಿನಗಳಲ್ಲಿ ಹೊಸದಾಗುವ ಒಳಪದರ, ಇವು ಒಂದು ಕಡೆ. ಪ್ರೋಟೀನನ್ನು ಕತ್ತರಿಸುವ ಪೆಪ್ಸಿನ್ ಗ್ರಂಥಿಯಿಂದ ಹೊರಡುವಾಗ ಪೆಪ್ಸಿನೋಜನ್ ಎಂಬ ನಿಷ್ಕ್ರಿಯ ರೂಪದಲ್ಲಿದ್ದು, ಆಮ್ಲ ಸಿಕ್ಕಿದ ಮೇಲಷ್ಟೇ ಚುರುಕಾಗುತ್ತದೆ ಎಂಬುದು ಇನ್ನೊಂದು ಕಡೆ. ಮೇದೋಜೀರಕದ ಟ್ರಿಪ್ಸಿನ್ ಎಂಬ ಕಿಣ್ವ ಕೂಡ ಒರೆಯಲ್ಲಿಟ್ಟ ಕತ್ತಿಯಂತೆಯೇ ಹೊರಟು ಕರುಳಿನಲ್ಲಿ ಹಿರಿಯಲ್ಪಡುತ್ತದೆ. ಗ್ರಂಥಿಯೊಳಗೇ ಹಿರಿದುಬಿಟ್ಟರೆ ತನ್ನ ಮನೆಯನ್ನೇ ಕಡಿಯುತ್ತದೆ, ಮೇದೋಜೀರಕ ಊದಿಕೊಂಡು ತೀವ್ರವಾದ ಹೊಟ್ಟೆನೋವು ತರುವ ಪ್ಯಾಂಕ್ರಿಯಾಟೈಟಿಸ್‌ನಲ್ಲಿ ಆಗುವುದು ಅದೇ.

‘ದೇಹವೆಂಬ ಕಾರ್ಖಾನೆ’ ಎಂಬ ಆರಂಭವನ್ನು ಬಿಟ್ಟುಬಿಡಿ. ಆ ಕಾರ್ಖಾನೆ ಹಳೆಯದಾಯಿತು. ಬದಲಿಗೆ 1902ರಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞರಾದ ಬೇಲಿಸ್ ಮತ್ತು ಸ್ಟಾರ್ಲಿಂಗ್ ಮಾಡಿದ ಪ್ರಯೋಗದಿಂದ ತೊಡಗಬಹುದು. ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನು ಕತ್ತರಿಸಿ ಅಲ್ಲಿಗೆ ಆಮ್ಲ ಸುರಿದರೂ ಮೇದೋಜೀರಕ ರಸ ಸುರಿಸಿತು. ಕರುಳು ಸೆಕ್ರೆಟಿನ್ ಎಂಬ ರಾಸಾಯನಿಕವನ್ನು ರಕ್ತದ ಮೂಲಕ ಕಳುಹಿಸಿ ಆ ರಸವನ್ನು ಕರೆಸಿಕೊಳ್ಳುತ್ತಿತ್ತು. ಹಾರ್ಮೋನಿನ ಕಲ್ಪನೆ ಬೆಳೆದದ್ದು ಅಲ್ಲಿಂದ.

ಜಠರದ ಭಾಗವನ್ನು ಒಂದು ಪುಟಕ್ಕೆ ಇಳಿಸಿ, ಉಳಿದ ಜಾಗವನ್ನು ಸಣ್ಣ ಕರುಳಿಗೆ ಕೊಟ್ಟು ಮತ್ತೆ ಕಳುಹಿಸಿ. ಚಿತ್ರ ಬರೆಸುವುದಿದ್ದರೆ ಪಿತ್ತನಾಳ ಡುಯೊಡಿನಮ್‌ಗೆ ಸೇರುವ ಜಾಗ ಸ್ಪಷ್ಟವಾಗಿ ಕಾಣುವಂತಿರಲಿ.

ಇಂತು,
ಸಂಪಾದಕ