ಶಾಸನ ಓದುವ ಸರ್ಟಿಫಿಕೇಟ್ ಕೋರ್ಸ್: ಸಿಲಬಸ್ ಪಾಸಾದರೆ ಪ್ರವೇಶ ಕೊಡಬಹುದೇ?

ಕೊಡಬೇಡಿ. ಕನ್ನಡ ವಿಭಾಗದಲ್ಲಿ ಶಾಸನ ಓದುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಶುರುಮಾಡಲು ಹೇಳಿದ್ದಾರೆ, ಅಧ್ಯಯನ ಮಂಡಳಿಯಲ್ಲಿ ಸಿಲಬಸ್ ಪಾಸು ಮಾಡಿಸಿ ಜುಲೈಗೆ ತರಗತಿ ತೆರೆಯಬಹುದೇ ಎಂದು ಕೇಳಿದ್ದೀರಿ. ನಮ್ಮ ವಿಭಾಗದಲ್ಲೂ ಥೇಟ್ ಇದೇ ದಾರಿ ಹಿಡಿದೆವು. 24 ಮಂದಿ ಪಾಠ ಮುಗಿಸಿ, ಪರೀಕ್ಷೆ ಬರೆದು, ಪ್ರಮಾಣಪತ್ರಕ್ಕೆ 14 ತಿಂಗಳು ಕಾದರು; ಕೆಲವರಿಗೆ ಇನ್ನೂ ಸಿಕ್ಕಿಲ್ಲ.

ಸಿಲಬಸ್ ಚೆನ್ನಾಗಿಯೇ ಇತ್ತು. ಬ್ರಾಹ್ಮಿಯಿಂದ ಹಳಗನ್ನಡ ಲಿಪಿಯವರೆಗೆ, ಹಲ್ಮಿಡಿಯಿಂದ ವಿಜಯನಗರದ ದಾನಶಾಸನದವರೆಗೆ, ಪಡಿಯಚ್ಚು (ಕಲ್ಲಿನ ಬರಹವನ್ನು ಕಾಗದದ ಮೇಲೆ ಇಳಿಸಿಕೊಳ್ಳುವ ಅಚ್ಚು) ತೆಗೆಯುವ ಪ್ರಾಯೋಗಿಕದ ಸಮೇತ. ಅಧ್ಯಯನ ಮಂಡಳಿ ಒಪ್ಪಿತು, ನಿಕಾಯದ (ಫ್ಯಾಕಲ್ಟಿ) ಸಭೆ ಒಪ್ಪಿತು, ವಿದ್ಯಾವಿಷಯಕ ಪರಿಷತ್ತಿನ ನಡವಳಿಯಲ್ಲಿ "ಸಲ್ಲಿಸಲಾದ ಪಠ್ಯಕ್ರಮವನ್ನು ಅನುಮೋದಿಸಲಾಯಿತು" ಎಂದು ಬಂತು. ಆ ಸಾಲನ್ನು ಕೋರ್ಸಿಗೆ ಸಿಕ್ಕ ಒಪ್ಪಿಗೆ ಎಂದುಕೊಂಡು ವಿಭಾಗದಿಂದಲೇ ಪ್ರವೇಶದ ಸುತ್ತೋಲೆ ಹೊರಡಿಸಿದೆವು. ಕೊನೆಗೆ ಅಂಕಗಳ ಪಟ್ಟಿ ಮೌಲ್ಯಮಾಪನ ವಿಭಾಗಕ್ಕೆ ಹೋದಾಗ ಕಡತ ಒಂದೇ ಸಾಲಿನ ಷರಾದೊಂದಿಗೆ ವಾಪಸಾಯಿತು: "ಸದರಿ ಕೋರ್ಸಿನ ಅಧಿಸೂಚನೆ ಹಾಗೂ ನಿಯಮಾವಳಿಯ ಪ್ರತಿ ಲಗತ್ತಿಸುವುದು." ಎರಡೂ ಇರಲಿಲ್ಲ.

ಇದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ನಿಂತಿರುವುದೇ ಈ ತಪ್ಪಿನ ಮೇಲೆ. ಕೋರ್ಸ್ ತೆರೆಯುವುದು ಎಂದರೆ ಮೂರು ಬೇರೆ ಬೇರೆ ಒಪ್ಪಿಗೆಗಳು. ಈ ಹೆಸರಿನ, ಇಷ್ಟು ಅವಧಿಯ, ಇಂಥ ವಿಭಾಗದ ಕೋರ್ಸನ್ನು ಇಂಥ ಶೈಕ್ಷಣಿಕ ವರ್ಷದಿಂದ ಆರಂಭಿಸಬಹುದು ಎಂಬುದು ಮೊದಲನೆಯದು. ಅದಕ್ಕೆ ಯಾರು ಸೇರಬಹುದು, ಎಷ್ಟು ಹಾಜರಾತಿ, ಪರೀಕ್ಷೆ ಯಾರು ನಡೆಸುತ್ತಾರೆ, ಎಷ್ಟಕ್ಕೆ ಪಾಸು, ಪ್ರಮಾಣಪತ್ರಕ್ಕೆ ಯಾರ ಸಹಿ ಎಂಬ ನಿಯಮಾವಳಿ ಎರಡನೆಯದು. ಏನು ಕಲಿಸುತ್ತೇವೆ ಎಂಬ ಪಠ್ಯಕ್ರಮ ಮೂರನೆಯದು. ನಾವು ಮೂರನೆಯದನ್ನು ಮಾತ್ರ ಕೇಳಿದ್ದೆವು, ಪರಿಷತ್ತು ಕೇಳಿದ್ದನ್ನು ಕೊಟ್ಟಿತು. ಸಭೆ ತನ್ನ ಮುಂದಿರುವ ಟಿಪ್ಪಣಿಯ ಕೊನೆಯ ಸಾಲಿಗೆ ಮಾತ್ರ ಉತ್ತರಿಸುತ್ತದೆ. ಕಾರ್ಯಸೂಚಿಯಲ್ಲಿ "ಪಠ್ಯಕ್ರಮದ ಅನುಮೋದನೆ ಕುರಿತು" ಎಂದಿದ್ದರೆ ನಿರ್ಣಯವೂ ಅಷ್ಟಕ್ಕೇ ನಿಲ್ಲುತ್ತದೆ. ಸಭೆಯಲ್ಲಿ ಎಲ್ಲರೂ ಮೆಚ್ಚಿ ಮಾತಾಡಿದ್ದು ನಡವಳಿಗೆ ಬರುವುದಿಲ್ಲ.

ಒಂದು ಕಾಗದ ಇಲ್ಲದಿದ್ದರೆ ಏನಾಗುತ್ತದೆ ನೋಡಿ. ಅಧಿಸೂಚನೆ ಇಲ್ಲದ್ದರಿಂದ ಕೋರ್ಸಿಗೆ ಕೋಡ್ ಇಲ್ಲ. ಕೋಡ್ ಇಲ್ಲದ್ದರಿಂದ ಯುಯುಸಿಎಂಎಸ್ (ರಾಜ್ಯದ ವಿಶ್ವವಿದ್ಯಾಲಯಗಳ ಪ್ರವೇಶ, ಪರೀಕ್ಷೆ ನಿರ್ವಹಣೆಯ) ತಂತ್ರಾಂಶದಲ್ಲಿ ವಿದ್ಯಾರ್ಥಿಗೆ ನೋಂದಣಿ ಸಂಖ್ಯೆ ಹುಟ್ಟಲಿಲ್ಲ, ಸಂಖ್ಯೆ ಇಲ್ಲದೆ ಅಂಕಪಟ್ಟಿ ಬರಲಿಲ್ಲ. ಶುಲ್ಕವನ್ನು ಚಲನ್ ಮೂಲಕವೇ ಕಟ್ಟಿಸಿಕೊಂಡಿದ್ದರೂ ಅದು "ಇತರೆ ಸ್ವೀಕೃತಿ" ಶೀರ್ಷಿಕೆಗೆ ಹೋಗಿತ್ತು. ಅಲ್ಲಿಂದ ಸಂಪನ್ಮೂಲ ವ್ಯಕ್ತಿಗಳಿಗೆ ಗೌರವಧನ ಕೊಟ್ಟದ್ದಕ್ಕೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂತು. ಘಟನೋತ್ತರ ಅನುಮೋದನೆ ಪಡೆಯೋಣವೆಂದು ಹೋದರೆ ಪರಿಷತ್ತಿನ ಮುಂದಿನ ಸಭೆಗೆ ಐದು ತಿಂಗಳಿತ್ತು. ಅಲ್ಲಿ ಒಬ್ಬ ಸದಸ್ಯರು ನ್ಯಾಯವಾದ ಪ್ರಶ್ನೆ ಎತ್ತಿದರು: ಈಗ ಮಾಡುತ್ತಿರುವ ನಿಯಮಾವಳಿ ಬಾಹ್ಯ ಪರೀಕ್ಷಕರು ಬೇಕು ಎನ್ನುತ್ತದೆ, ಆಗ ನಡೆದ ಪರೀಕ್ಷೆಯಲ್ಲಿ ವಿಭಾಗದವರು ಮಾತ್ರ ಇದ್ದರಲ್ಲ? ಉತ್ತರ ಇರಲಿಲ್ಲ. ಮರುಪರೀಕ್ಷೆ ಮಾಡಬೇಕಾಯಿತು. 24ರಲ್ಲಿ 17 ಮಂದಿ ಬಂದರು. ಉಳಿದ 7 ಮಂದಿಗೆ ಈವರೆಗೂ ಪ್ರಮಾಣಪತ್ರವಿಲ್ಲ. ಅವರಲ್ಲಿ ಇಬ್ಬರು ಪ್ರತಿ ಶನಿವಾರ ಎರಡು ಬಸ್ಸು ಬದಲಿಸಿ ಬರುತ್ತಿದ್ದ ಶಾಲಾ ಶಿಕ್ಷಕರು. ಆ ತಪ್ಪು ನಮ್ಮದು.

ಹಾಗಾಗಿ ನಾಳೆ ಮಾಡಬೇಕಾದ ಮೊದಲ ಕೆಲಸ ಶೈಕ್ಷಣಿಕ ವಿಭಾಗಕ್ಕೆ ಹೋಗಿ, ನಿಮ್ಮದೇ ವಿಶ್ವವಿದ್ಯಾಲಯದಲ್ಲಿ ಈಗ ನಡೆಯುತ್ತಿರುವ ಯಾವುದಾದರೂ ಸರ್ಟಿಫಿಕೇಟ್ ಕೋರ್ಸಿನ ಅಧಿಸೂಚನೆ ಮತ್ತು ನಿಯಮಾವಳಿಯ ನಕಲು ತರುವುದು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಅಡಿಯ ವಿಶ್ವವಿದ್ಯಾಲಯವಾದರೆ ದಾರಿ ಅಧ್ಯಯನ ಮಂಡಳಿ, ನಿಕಾಯ, ವಿದ್ಯಾವಿಷಯಕ ಪರಿಷತ್ತು, ಸಿಂಡಿಕೇಟ್ ಎಂದು ಸಾಗುತ್ತದೆ. ಹಣದ ಭಾಗ ಹಣಕಾಸು ಸಮಿತಿಗೆ ಹೋಗುತ್ತದೆ. ಟಿಪ್ಪಣಿಯ ಕೊನೆಯಲ್ಲಿ ಹೀಗೆ ಬರೆಯಿರಿ: "ಕೋರ್ಸನ್ನು ಇಂಥ ಶೈಕ್ಷಣಿಕ ವರ್ಷದಿಂದ ಆರಂಭಿಸಲು, ಅನುಬಂಧ 1ರ ನಿಯಮಾವಳಿ, ಅನುಬಂಧ 2ರ ಪಠ್ಯಕ್ರಮ, ಅನುಬಂಧ 3ರ ಶುಲ್ಕ ಮತ್ತು ವೆಚ್ಚದ ವಿವರವನ್ನು ಅನುಮೋದಿಸಲು ಹಾಗೂ ಅಧಿಸೂಚನೆ ಹೊರಡಿಸಲು ಕೋರಿದೆ." ನಡವಳಿ ದೃಢೀಕರಣವಾದ ಮೇಲೆ ಕುಲಸಚಿವರ ಅಧಿಸೂಚನೆ ಹೊರಬೀಳಬೇಕು, ಅದರ ಪ್ರತಿ ಮೌಲ್ಯಮಾಪನ ಕುಲಸಚಿವರಿಗೂ ಹಣಕಾಸು ಅಧಿಕಾರಿಗೂ ಹೋಗಿ ಕೋಡ್ ಮತ್ತು ಲೆಕ್ಕಶೀರ್ಷಿಕೆ ಬರಬೇಕು. ಈ ಎರಡು ಸಂಖ್ಯೆಗಳು ಕೈಗೆ ಬರುವ ತನಕ ಒಂದು ಅರ್ಜಿಯನ್ನೂ ಮಾರಬೇಡಿ, ಮೇಲಿನವರು ಎಷ್ಟೇ ಅವಸರ ಮಾಡಲಿ.

ಹೆಸರಿನ ಬಗ್ಗೆ ಎಚ್ಚರ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟಿನಲ್ಲಿ ಪದವಿಯ ಮೊದಲ ವರ್ಷ ಮುಗಿಸಿ ಹೊರಹೋಗುವವರಿಗೆ ಕೊಡುವುದನ್ನೂ "ಯುಜಿ ಸರ್ಟಿಫಿಕೇಟ್" ಎನ್ನುತ್ತಾರೆ. ಕರ್ನಾಟಕ 2024-25ರಿಂದ ಮೂರು ವರ್ಷದ ಪದವಿಗೆ ಮರಳಿದ್ದರೂ ತಂತ್ರಾಂಶದಲ್ಲಿ, ಕಡತಗಳಲ್ಲಿ ಆ ಪದ ಉಳಿದಿದೆ. ನಿಮ್ಮದಕ್ಕೆ "ಶಾಸನ ಅಧ್ಯಯನದಲ್ಲಿ ಸರ್ಟಿಫಿಕೇಟ್ ಕೋರ್ಸ್" ಎಂದಷ್ಟೇ ಇಟ್ಟು, ಎಲ್ಲ ಕಾಗದದಲ್ಲೂ ಒಂದೇ ರೀತಿ ಬರೆಯಿರಿ.

ಗಂಟೆಗಳ ಲೆಕ್ಕ. ಒಂದು ಕ್ರೆಡಿಟ್ ಎಂದರೆ 15 ಗಂಟೆ ಪಾಠ ಅಥವಾ 30 ಗಂಟೆ ಪ್ರಾಯೋಗಿಕ. ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್‌ಗೆ ಸ್ವಂತ ಓದೂ ಸೇರಿ ಒಟ್ಟು 30 ಕಲಿಕಾ ಗಂಟೆ. ಆರು ತಿಂಗಳ ಕೋರ್ಸಿಗೆ 10 ಕ್ರೆಡಿಟ್ ಸಾಕು. 6 ಕ್ರೆಡಿಟ್ ಪಾಠ ಎಂದರೆ 90 ಗಂಟೆ, 4 ಕ್ರೆಡಿಟ್ ಪ್ರಾಯೋಗಿಕ ಎಂದರೆ 120 ಗಂಟೆ, ಒಟ್ಟು 210. ಶನಿವಾರ, ಭಾನುವಾರ ಸೇರಿ ವಾರಕ್ಕೆ 10 ಗಂಟೆಯಾದರೆ 21 ವಾರಾಂತ್ಯ. ಆರು ತಿಂಗಳಲ್ಲಿರುವುದು 26. ಉಳಿಯುವ ಐದರಲ್ಲಿ ಹಬ್ಬ, ಚುನಾವಣಾ ಕರ್ತವ್ಯ, ಪರೀಕ್ಷೆ ಎಲ್ಲ ಮುಗಿಯಬೇಕು. 12 ಕ್ರೆಡಿಟ್ ಮಾಡಿಬಿಟ್ಟರೆ ತರಗತಿಗಳು ಕಾಗದದಲ್ಲಿ ಮಾತ್ರ ನಡೆಯುತ್ತವೆ.

ಜುಲೈ ಬೇಡ ಎನ್ನುವುದಕ್ಕೆ ಕಡತದ ಹೊರಗೂ ಒಂದು ಕಾರಣವಿದೆ: ಮಳೆ. ಪಡಿಯಚ್ಚಿಗೆ ಕಲ್ಲನ್ನು ನೀರು ಹಾಕಿ ಉಜ್ಜಿ, ಪಾಚಿ ಮಣ್ಣು ತೆಗೆದು, ನೆನೆಸಿದ ಕಾಗದ ಹಾಸಿ, ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿಯಬೇಕು. ಕಾಗದ ಅಕ್ಷರದ ಕುಳಿಯೊಳಗೆ ಇಳಿದು ಕೂರುತ್ತದೆ. ಅರೆ ಒಣಗಿದ ಮೇಲೆ ಮಸಿಯುಂಡೆಯಿಂದ ಹಗುರಾಗಿ ತಟ್ಟಿದರೆ ಮೇಲ್ಮೈ ಕಪ್ಪಾಗಿ ಅಕ್ಷರ ಬೆಳ್ಳಗೆ ಏಳುತ್ತದೆ. ಆ ಅರೆ ಒಣಗಿದ ಹದ ಸಿಗದಿದ್ದರೆ ಮಸಿ ಹರಡಿ ಅಕ್ಷರದೊಳಕ್ಕೆ ಇಳಿಯುತ್ತದೆ, ಅಚ್ಚು ಹಾಳು. ಆಷಾಢದ ಗಾಳಿಮಳೆಯಲ್ಲಿ ಆ ಹದ ಕೈಗೆ ಸಿಗುವುದಿಲ್ಲ. ಡಿಸೆಂಬರ್‌ನಲ್ಲಿ ಶುರುಮಾಡಿ, ಪ್ರಾಯೋಗಿಕವನ್ನು ಜನವರಿಯಿಂದ ಏಪ್ರಿಲ್ ಒಳಗೆ ಮುಗಿಸಿ. ಒಂದು ಕಲ್ಲಿನ ಸುತ್ತ ಐದು ಜನಕ್ಕಿಂತ ಹೆಚ್ಚು ನಿಲ್ಲಲಾಗದು, 25 ಮಂದಿಗೆ ಐದು ಗುಂಪು, ಐದು ಜೊತೆ ಬ್ರಷ್ಷು ಬೇಕು. ಸಂರಕ್ಷಿತ ಸ್ಮಾರಕದ ಶಾಸನವಾದರೆ ಪುರಾತತ್ವ ಇಲಾಖೆಯ ಲಿಖಿತ ಅನುಮತಿಯನ್ನು ಮೊದಲೇ ಪಡೆಯಿರಿ. ಹೊಲದಲ್ಲೋ ಗುಡಿಯ ಅಂಗಳದಲ್ಲೋ ಇರುವ ಕಲ್ಲಾದರೆ ಊರಿನ ಹಿರಿಯರನ್ನು ಹಿಂದಿನ ವಾರವೇ ಕಂಡು ಬನ್ನಿ. ಪೂಜೆ ಆಗುವ ಕಲ್ಲಿಗೆ ಮಸಿ ತಟ್ಟಲು ಹೋಗಲೇಬೇಡಿ.

ಹಣದ್ದು. ಶುಲ್ಕ 4,000, ಸೀಟು 25 ಎಂದಿಟ್ಟುಕೊಳ್ಳಿ: ಒಂದು ಲಕ್ಷ. 210 ಗಂಟೆಯಲ್ಲಿ 100 ಗಂಟೆ ಹೊರಗಿನವರ ಪಾಠ, ಗಂಟೆಗೆ 500 ಆದರೆ ಗೌರವಧನ 50,000. ವಿಶ್ವವಿದ್ಯಾಲಯದ ಪಾಲು ಶೇ. 30 ಎಂದು ಹಿಡಿದರೆ 30,000. ಕಾಗದ, ಮಸಿ, ಬ್ರಷ್ಷು, ಓಡಾಟಕ್ಕೆ ತಲೆಗೆ 600ರಂತೆ 15,000. ಉಳಿಯುವುದು 5,000. ಈಗ ಸೇರಿದವರು 15 ಎಂದುಕೊಳ್ಳಿ. ಬರುವುದು 60,000, ಗೌರವಧನ ಹಾಗೇ 50,000, ಪಾಲು 18,000, ಸಾಮಗ್ರಿ 9,000. 17,000 ಕೊರತೆ, ಅದನ್ನು ತುಂಬಿಕೊಡಲು ಯಾರೂ ಇರುವುದಿಲ್ಲ. ಒಬ್ಬ ವಿದ್ಯಾರ್ಥಿಯಿಂದ ಗೌರವಧನಕ್ಕೆ ಸಿಗುವುದು 2,200, ಹಾಗಾಗಿ 23 ಮಂದಿ ಸೇರದೆ ಈ ಕೋರ್ಸ್ ನಿಲ್ಲುವುದಿಲ್ಲ. ನಿಯಮಾವಳಿಯಲ್ಲಿ ಗರಿಷ್ಠ ಸೀಟು ಎಲ್ಲರೂ ಬರೆಯುತ್ತಾರೆ; ಕನಿಷ್ಠ ಸಂಖ್ಯೆಯನ್ನೂ, ಅಷ್ಟು ಜನ ಸೇರದಿದ್ದರೆ ಎಷ್ಟು ದಿನದೊಳಗೆ ಶುಲ್ಕ ವಾಪಸು ಎಂಬುದನ್ನೂ ಬರೆಯಿರಿ. ಇನ್ನೊಂದು, ಜಿಎಸ್‌ಟಿ. ಕಾನೂನಿನ ಮಾನ್ಯತೆಯಿರುವ ವಿದ್ಯಾರ್ಹತೆಗೆ ಕಲಿಸುವ ಶಿಕ್ಷಣಕ್ಕೆ ವಿನಾಯಿತಿ ಇದೆ. ಅಂಥ ಮಾನ್ಯತೆ ಇಲ್ಲದ ಅಲ್ಪಾವಧಿ ಕೋರ್ಸಿಗೆ ಶೇ. 18 ಬೀಳುವ ಸಾಧ್ಯತೆ ಇರುತ್ತದೆ. ಹಣಕಾಸು ಅಧಿಕಾರಿಯ ಅಭಿಪ್ರಾಯವನ್ನು ಕಡತದಲ್ಲೇ ಲಿಖಿತವಾಗಿ ಪಡೆಯಿರಿ, ಫೋನಿನಲ್ಲಿ ಬೇಡ.

ಪ್ರವೇಶದ ಅರ್ಜಿಯನ್ನು ಸ್ನಾತಕೋತ್ತರ ವಿಭಾಗದಿಂದ ನಕಲು ಮಾಡಬೇಡಿ. ಅದರಲ್ಲಿ ಮೂಲ ವರ್ಗಾವಣೆ ಪತ್ರ ಕೇಳಿರುತ್ತಾರೆ. ನಿಮ್ಮಲ್ಲಿಗೆ ಬರುವವರು ಎಂಎ ಓದುತ್ತಿರುವವರು, ನೌಕರಿಯಲ್ಲಿರುವವರು; ಅವರ ಟಿಸಿ ಬೇರೆಡೆ ಇರುತ್ತದೆ. ಎರಡು ಕೋರ್ಸ್ ಒಟ್ಟಿಗೆ ಓದಲು ಯುಜಿಸಿ 2022ರ ಏಪ್ರಿಲ್‌ನಲ್ಲೇ ಮಾರ್ಗಸೂಚಿ ಕೊಟ್ಟಿದೆ, ತರಗತಿಯ ಸಮಯ ಒಂದರ ಮೇಲೊಂದು ಬೀಳಬಾರದು ಅಷ್ಟೆ. ಆದರೂ ನಿಮ್ಮ ನಿಯಮಾವಳಿಯಲ್ಲಿ ಅದಕ್ಕೊಂದು ಸಾಲು ಇರಲಿ. ಹೆಸರನ್ನು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಅರ್ಜಿಯಲ್ಲೇ ಬರೆಸಿಕೊಳ್ಳಿ. ಒಂದು ಇನಿಷಿಯಲ್ ಹಿಂದೆ ಮುಂದಾದರೂ ಪ್ರಮಾಣಪತ್ರ ಡಿಜಿಲಾಕರ್‌ನಲ್ಲಿ ಅವರ ಖಾತೆಗೆ ಸೇರದೇ ಹೋಗಬಹುದು. ಎಬಿಸಿ (ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಜಮೆಯಾಗುವ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್) ಗುರುತಿನ ಸಂಖ್ಯೆಯನ್ನೂ ಆಗಲೇ ಪಡೆಯಿರಿ.

ಪರೀಕ್ಷೆಗೆ ಒಂದೇ ಮಾತು: ಶಾಸನ ಓದುವ ಕೋರ್ಸಿಗೆ ಮೂರು ಗಂಟೆಯ ಪ್ರಬಂಧ ಪರೀಕ್ಷೆ ಇಡಬೇಡಿ. ತರಗತಿಯಲ್ಲಿ ತೋರಿಸದ ಒಂದು ಪಡಿಯಚ್ಚು ಕೊಟ್ಟು ಹತ್ತು ಸಾಲು ಓದಿಸಿ, ಬಾಹ್ಯ ಪರೀಕ್ಷಕರ ಎದುರು. ಆ ಪರೀಕ್ಷಕರ ಪಟ್ಟಿ ಅಧ್ಯಯನ ಮಂಡಳಿಯಲ್ಲಿ ಸಿಲಬಸ್ ಜೊತೆಗೇ ಅನುಮೋದನೆಯಾಗಲಿ. ಹಾಜರಾತಿ ಶೇ. 75, ಫೇಲಾದವರಿಗೆ ಎಷ್ಟು ಅವಕಾಶ, ಎಷ್ಟು ವರ್ಷದೊಳಗೆ ಎಂಬುದನ್ನೆಲ್ಲ ಈಗಲೇ ಬರೆದಿಡಿ. ಕೋರ್ಸ್ ಮುಚ್ಚಿಹೋದರೆ ಬಾಕಿ ಉಳಿದವರಿಗೆ ಯಾರು ಪರೀಕ್ಷೆ ನಡೆಸಬೇಕು ಎಂಬ ಸಾಲನ್ನು ಹೆಚ್ಚಿನವರು ಮರೆಯುತ್ತಾರೆ. ನಮ್ಮಲ್ಲಿ ಉಳಿದುಹೋದ ಆ 7 ಮಂದಿಗೆ ದಾರಿ ಇಲ್ಲದಿರುವುದು ಆ ಸಾಲು ಇಲ್ಲದ್ದರಿಂದ. ಅದನ್ನು ಸೇರಿಸುವ ತಿದ್ದುಪಡಿ ಮುಂದಿನ ಪರಿಷತ್ತಿಗೆ ಹೋಗುತ್ತಿದೆ.

ನಿಮಗೆ ಹೇಳಿದವರ ಮನಸ್ಸಿನಲ್ಲಿರುವುದು ನ್ಯಾಕ್‌ಗೆ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ಮಂಡಳಿಗೆ) ತೋರಿಸುವ ಸಂಖ್ಯೆ ಮಾತ್ರವಾಗಿದ್ದರೆ ಈ ಕೋರ್ಸೇ ಬೇಡ. ಈಗಿರುವ ಎಂಎ ವಿದ್ಯಾರ್ಥಿಗಳಿಗೇ 30 ಗಂಟೆಯ ಮೌಲ್ಯವರ್ಧಿತ ಕೋರ್ಸ್ ಮಾಡಿ, ಲಿಪಿ ಪರಿಚಯ ಕಲಿಸಿ. ಅದೂ ಒಳ್ಳೆಯ ಕೆಲಸವೇ. ಹೊರಗಿನಿಂದ ದುಡ್ಡು ಕಟ್ಟಿ, ಭಾನುವಾರ ಬಿಟ್ಟು ಬರುವವರನ್ನು ಕರೆಯುವುದಾದರೆ ಅಧಿಸೂಚನೆ ಕೈಯಲ್ಲಿಟ್ಟುಕೊಂಡು ಕರೆಯಿರಿ. ಈ ತಿಂಗಳೇ ಅಧ್ಯಯನ ಮಂಡಳಿಯ ಸಭೆ ಇದ್ದರೆ ಮೂರೂ ಅನುಬಂಧಗಳನ್ನು ಒಟ್ಟಿಗೆ ಇಡಿ, ಪರಿಷತ್ತಿನ ಮುಂದಿನ ಸಭೆ ಯಾವಾಗ ಎಂದು ಕುಲಸಚಿವರ ಕಚೇರಿಯಲ್ಲಿ ಇಂದೇ ಕೇಳಿ. ನಿಮ್ಮ ಟಿಪ್ಪಣಿಯ ಕರಡನ್ನು ಇಲ್ಲಿ ಹಾಕಿದರೆ ಕೊನೆಯ ಪ್ಯಾರಾ ಓದಿ ತಿದ್ದಿಕೊಡುತ್ತೇನೆ.