ಸ್ಪೇಸ್‌ಪೋರ್ಟ್ ಸುತ್ತ ಊರು ಕಟ್ಟಬೇಕು ಅಂದರೆ ಎಲ್ಲಿಂದ ಶುರು ಮಾಡಬೇಕು?

ಆರ್ಕಿಟೆಕ್ಚರ್ ಥೀಸಿಸ್‌ಗೆ ದೇವನಹಳ್ಳಿ ಹತ್ತಿರ ಸ್ಪೇಸ್‌ಪೋರ್ಟ್ (ಬಾಹ್ಯಾಕಾಶ ನೌಕೆಗಳು ಹೊರಡುವ ನಿಲ್ದಾಣ) ಮತ್ತು ಅದರ ಸುತ್ತ ಬಾಹ್ಯಾಕಾಶ ಪ್ರವಾಸಿಗರ ಟೌನ್‌ಶಿಪ್ ಮಾಡ್ತೀನಿ, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ನಾನು ಬೆಂಗಳೂರಲ್ಲಿ ಲೇಔಟ್ ಪ್ಲಾನಿಂಗ್ ಕೆಲಸ ಮಾಡುವವನು. ಟರ್ಮಿನಲ್ ಸ್ಕೆಚ್ ಸದ್ಯಕ್ಕೆ ಪಕ್ಕಕ್ಕಿಡಿ. ಅಲ್ಲಿ ವರ್ಷಪೂರ್ತಿ ಇರುವವರು ಯಾರು ಅಂತ ಮೊದಲು ಬರೆದುಕೊಳ್ಳಿ. ಪ್ರವಾಸಿ ನಾಲ್ಕು ದಿನ ಇದ್ದು ಹೋಗುತ್ತಾನೆ.

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿರುವ ‘ಸ್ಪೇಸ್‌ಪೋರ್ಟ್ ಅಮೆರಿಕ’ ನೋಡಿ. ಫಾಸ್ಟರ್ ಆಂಡ್ ಪಾರ್ಟ್‌ನರ್ಸ್ ಮಾಡಿದ ಟರ್ಮಿನಲ್ ನಿಜಕ್ಕೂ ಚೆನ್ನಾಗಿದೆ. ಆದರೆ ಅದಕ್ಕೋಸ್ಕರ ಅಕ್ಕಪಕ್ಕದ ಎರಡು ಕೌಂಟಿಗಳ (ನಮ್ಮ ಜಿಲ್ಲೆಗಳ ಥರ) ಜನ 2007-08ರಲ್ಲೇ ವೋಟ್ ಹಾಕಿ ಮಾರಾಟ ತೆರಿಗೆ ಹೊತ್ತುಕೊಂಡರು, 2011ರಲ್ಲಿ ಟರ್ಮಿನಲ್ ಉದ್ಘಾಟನೆ ಆಯಿತು, ಅಲ್ಲಿಂದ ಪ್ರವಾಸಿಗರನ್ನು ಒಯ್ಯುವ ಕಂಪನಿ ವರ್ಜಿನ್ ಗ್ಯಾಲಕ್ಟಿಕ್‌ನ ಮೊದಲ ಕಮರ್ಷಿಯಲ್ ಹಾರಾಟ ಆಗಿದ್ದು ಮಾತ್ರ 2023ರ ಜೂನ್‌ನಲ್ಲಿ. ಒಂದೇ ವರ್ಷಕ್ಕೆ, ಹೊಸ ನೌಕೆ ಕಟ್ಟಬೇಕು ಅಂತ ಮತ್ತೆ ನಿಲ್ಲಿಸಿದರು. ಅಷ್ಟು ವರ್ಷ ರಾಕೆಟ್ ನಂಬಿ ಲಾಡ್ಜ್ ಕಟ್ಟಿದವನ ಗತಿ ಏನು? ಹತ್ತಿರದ ಟ್ರುತ್ ಆರ್ ಕಾನ್ಸಿಕ್ವೆನ್ಸಸ್ ಊರಿಗೆ ಬಿಸಿನೀರಿನ ಬುಗ್ಗೆಗಳಿವೆ, ಅದಕ್ಕೆ ಬರುವ ಜನ ಬೇರೆ. ನಿಮ್ಮ ಊರಿಗೂ ಹಾಗೆ ಇನ್ನೊಂದು ಕಸುಬು ಬೇಕು.

ಇನ್ನು ಜಾಗ. ದೇವನಹಳ್ಳಿ ಬೇಡ. ಏರೋಸ್ಪೇಸ್ ಪಾರ್ಕ್‌ಗೆ ಅಂತ ಅಲ್ಲಿನ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ತೆಗೆದುಕೊಳ್ಳಲು ಹೋಗಿ, ರೈತರು ಮೂರು ವರ್ಷಕ್ಕಿಂತ ಜಾಸ್ತಿ ಧರಣಿ ಕೂತು, 2025ರ ಜುಲೈನಲ್ಲಿ ಸರ್ಕಾರ ಕೈಬಿಟ್ಟಿದ್ದು ಗೊತ್ತಲ್ವಾ? ಅಲ್ಲದೆ ನೆಲದಿಂದ ನೇರ ಏರುವ ರಾಕೆಟ್‌ನ ಖಾಲಿ ಹಂತಗಳು ಕೆಳಗೆ ಬೀಳುತ್ತವೆ. ಇಸ್ರೋದ ಶ್ರೀಹರಿಕೋಟಾ, ತಮಿಳುನಾಡಿನ ಹೊಸ ಉಡಾವಣಾ ತಾಣ ಕುಲಶೇಖರಪಟ್ಟಣ ಎರಡೂ ಸಮುದ್ರದಂಚಿನಲ್ಲಿರೋದು ಸುಮ್ನೆ ಅಲ್ಲ. ನಮಗೆ ಒಗ್ಗುವುದು ರನ್‌ವೇ ಮಾದರಿ, ಅಂದರೆ ದೊಡ್ಡ ವಿಮಾನ ನೌಕೆಯನ್ನು ಎತ್ತರಕ್ಕೆ ಒಯ್ದು ಬಿಡುವುದು. ಅದಕ್ಕೆ ಚಳ್ಳಕೆರೆ ಕಡೆ ಯೋಚಿಸಿ. 2023ರ ಏಪ್ರಿಲ್‌ನಲ್ಲಿ ಇಸ್ರೋ ತನ್ನ ರೆಕ್ಕೆಯ ನೌಕೆಯನ್ನು ಹೆಲಿಕಾಪ್ಟರ್‌ನಿಂದ ಬಿಟ್ಟು, ತಾನಾಗಿಯೇ ಇಳಿಯುವಂತೆ ಮಾಡಿದ್ದು ಅಲ್ಲೇ. ಆದರೆ ಅದು ಅಮೃತಮಹಲ್ ಕಾವಲು, ಕುರಿ ದನ ಮೇಯಿಸುವವರ ಹುಲ್ಲುಗಾವಲು. ಬೇಲಿ ಹಾಕಿದರೆ ಅವರು ಎಲ್ಲಿಗೆ ಹೋಗಬೇಕು ಅನ್ನುವುದಕ್ಕೆ ನಿಮ್ಮ ನಕ್ಷೆಯಲ್ಲೇ ಉತ್ತರ ಇರಬೇಕು.

ಊರು ನಡೆಸುವವರು ಯಾರು ಅನ್ನೋದನ್ನು ಥೀಸಿಸ್‌ಗಳು ಮುಟ್ಟುವುದೇ ಇಲ್ಲ. ಅಮೆರಿಕದ ಟೆಕ್ಸಸ್‌ನಲ್ಲಿ ರಾಕೆಟ್ ಕಂಪನಿ ಸ್ಪೇಸ್‌ಎಕ್ಸ್ ತನ್ನ ಉಡಾವಣಾ ತಾಣದ ಹತ್ತಿರದ ಹಳೇ ಮನೆಗಳನ್ನು ಕೊಂಡುಕೊಂಡಿತು. 2025ರ ಮೇನಲ್ಲಿ ಅಲ್ಲಿನವರು ವೋಟ್ ಹಾಕಿ ಸ್ಟಾರ್‌ಬೇಸ್ ಅಂತ ನಗರ ಮಾಡಿಕೊಂಡರು. ವೋಟ್ ಹಾಕಿದವರಲ್ಲಿ ಬಹುಪಾಲು ಕಂಪನಿಯವರೇ, ಮೇಯರ್ ಕೂಡ. ಹೀಗಾದರೆ ನೀರು ಬರದಿದ್ದಾಗ ಯಾರ ಮೇಲೆ ದೂರು ಕೊಡ್ತೀರಿ, ನಿಮಗೆ ಸಂಬಳ ಕೊಡುವವರ ಮೇಲೇನಾ? ಬಿಲ್ಡರ್ ಕೈಯಿಂದ ಪಾಲಿಕೆಗೆ ಹಸ್ತಾಂತರವಾಗದ ಲೇಔಟ್‌ನಲ್ಲಿ ಟ್ಯಾಂಕರ್‌ಗೆ ಕಾದವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ನೀರು, ಬಾಡಿಗೆ ಮನೆ, ಶಾಲೆ, ಶಬ್ದ ತಟ್ಟುವ ಗಡಿ ಇಷ್ಟನ್ನು ಮೊದಲ ಶೀಟ್‌ನಲ್ಲೇ ಹಾಕಿ. ಜ್ಯೂರಿಯವರು ಗಾಜಿನ ಗುಮ್ಮಟ ಎಲ್ಲಿ ಅಂತ ಖಂಡಿತ ಕೇಳ್ತಾರೆ, ಅದನ್ನು ಕೊನೇ ವಾರ ಬರೆದರೂ ನಡೆಯುತ್ತೆ.