ವಂಶಾವಳಿಯಲ್ಲಿ ಹೆಸರಿಲ್ಲದವರು

ಹಿರಿಯ ಓದುಗರೊಬ್ಬರು ಬರೆದಿದ್ದಾರೆ: ‘ಈಚೆಗೆ ಒಂದು ಮನೆತನದ ನೆನಪುಗಳ ಪುಸ್ತಕವನ್ನು ಓದಿದೆ. ಲೇಖಕರು ಮುತ್ತಜ್ಜನ ಬಡ್ಡಿ ವ್ಯವಹಾರವನ್ನೂ ದಾಯಾದಿ ಜಗಳಗಳನ್ನೂ ಬೀದಿಗೆ ತಂದಿದ್ದಾರೆ. ಸಾಲದ್ದಕ್ಕೆ ಮನೆಗೆಲಸದವಳೊಬ್ಬಳಿಗೆ ಒಂದು ಇಡೀ ಅಧ್ಯಾಯ! ಅದನ್ನು ಓದದೆ ಪುಟ ತಿರುವಿದೆ. ಸತ್ತವರು ಬಂದು ಉತ್ತರ ಕೊಡುತ್ತಾರೆಯೇ? ಪೂರ್ವಜರ ಹಿರಿಮೆಯನ್ನು ತಿಳಿಸುವುದಕ್ಕಲ್ಲವೇ ಇಂಥ ಪುಸ್ತಕಗಳು?’

ಮಾನ್ಯರೇ, ಸತ್ತವರ ಬಗ್ಗೆ ಬರೆಯುವವರಿಗೆ ತುಸು ಅಳುಕು ಇರಬೇಕೆಂಬುದನ್ನು ಒಪ್ಪುತ್ತೇನೆ. ಅಲ್ಲಿಂದಾಚೆಗೆ ನಾನು ಆ ಲೇಖಕರ ಪಕ್ಷ.

ಹಿರಿಮೆಯನ್ನಷ್ಟೇ ಹೇಳುವ ಹಸ್ತಪ್ರತಿಗಳು ನನ್ನ ಮೇಜಿಗೆ ವರ್ಷವಿಡೀ ಬರುತ್ತವೆ. ಅವುಗಳಲ್ಲಿ ಅಜ್ಜಂದಿರೆಲ್ಲ ಕೊಡುಗೈ ದಾನಿಗಳು, ಅಜ್ಜಿಯರೆಲ್ಲ ಸಹನಾಮೂರ್ತಿಗಳು. ಆಸ್ತಿ ಕಳೆದುಕೊಂಡವರು ಪ್ರತಿ ಮನೆಯಲ್ಲೂ ಇದ್ದಾರೆ, ಲಪಟಾಯಿಸಿದವರು ಮಾತ್ರ ಒಬ್ಬರೂ ಇಲ್ಲ. ಹಾಗಾದರೆ ಅಷ್ಟೂ ಆಸ್ತಿ ಯಾರ ಕೈ ಸೇರಿತೋ ಕಾಣೆ.

ಒಂದು ಸಣ್ಣ ಲೆಕ್ಕ ಹಾಕಿ. ತಲೆಮಾರಿನಿಂದ ತಲೆಮಾರಿಗೆ ಹಿಂದಕ್ಕೆ ಹೋದಂತೆ ಪೂರ್ವಜರ ಸ್ಥಾನಗಳು ಇಮ್ಮಡಿಯಾಗುತ್ತವೆ; ಹತ್ತನೆಯ ತಲೆಮಾರಿನಲ್ಲಿ ಅವು 1,024. ಸಂಬಂಧದೊಳಗೇ ಮದುವೆಗಳಾಗಿದ್ದರೆ ಒಬ್ಬರೇ ಎರಡು ಕಡೆ ಕುಳಿತಿರಬಹುದು, ಅದಿರಲಿ. ತಂದೆಯಿಂದ ತಂದೆಗೆ ಏರುವ ವಂಶಾವಳಿಯಲ್ಲಿ ಅಷ್ಟು ಜನರ ಪೈಕಿ ಉಳಿಯುವುದು ಒಂದೇ ಹೆಸರು. ನಮ್ಮ ಮನೆಯಲ್ಲೂ ಅಜ್ಜ ಮುತ್ತು ಪೋಣಿಸಿದಂತೆ ಬರೆದಿಟ್ಟ ವಂಶಾವಳಿಯೊಂದಿದೆ. ಅದರಲ್ಲಿ ಒಬ್ಬರ ಪಕ್ಕದಲ್ಲಿ ‘ಇಬ್ಬರು ಪತ್ನಿಯರು’ ಎಂದಷ್ಟೇ ಇದೆ. ಕಿರಿಯವರ ಹೆಸರು ನನಗೆ ಸಿಕ್ಕಿದ್ದು ಹಳೆಯ ಲೆಕ್ಕದ ಪುಸ್ತಕದಲ್ಲಿ, ಅವರಿಂದ ಪಡೆದ ಕೈಗಡದ ಎದುರಿಗೆ. ಅದನ್ನು ತೀರಿಸಿದ್ದು ಎಲ್ಲೂ ನಮೂದಾಗಿಲ್ಲ.

ಸರಕಾರಿ ಕಾಗದಗಳೂ ಇದಕ್ಕಿಂತ ಮೇಲಲ್ಲ. ಅಮೆರಿಕದ 1850 ಮತ್ತು 1860ರ ಗಣತಿಗಳಲ್ಲಿ ಗುಲಾಮರಿಗಾಗಿಯೇ ಬೇರೆ ಪಟ್ಟಿಗಳಿದ್ದವು: ಒಡೆಯನ ಹೆಸರು, ಅದರ ಕೆಳಗೆ ಬರಿಯ ವಯಸ್ಸು, ಲಿಂಗ, ಮೈಬಣ್ಣ. ಅವರ ವಂಶದವರು ಇಂದು ಹುಡುಕುತ್ತ 1870ರ ಗಣತಿಗಿಂತ ಹಿಂದಕ್ಕೆ ಹೋದರೆ, ಹೆಸರಿಗಾಗಿ ಒಡೆಯರ ಉಯಿಲುಗಳನ್ನೂ ಮಾರಾಟದ ಪತ್ರಗಳನ್ನೂ ತಡಕಬೇಕು.

ಇನ್ನು ನೀವು ಹಾರಿಸಿದ ಆ ಅಧ್ಯಾಯ. ಕುಂಬಾರ ಕಲಾವಿದ ಎಡ್ಮಂಡ್ ಡಿ ವಾಲ್ ತಮ್ಮ ಪೂರ್ವಜರಾದ ಎಫ್ರುಸಿ ಎಂಬ ಯಹೂದಿ ಬ್ಯಾಂಕರುಗಳ ಮನೆತನದ ಬಗ್ಗೆ 2010ರಲ್ಲಿ ಒಂದು ಪುಸ್ತಕ ಪ್ರಕಟಿಸಿದರು. 1938ರಲ್ಲಿ ವಿಯೆನ್ನಾದ ಅವರ ಅರಮನೆಯಂಥ ಮನೆ ನಾಜಿಗಳ ಪಾಲಾದಾಗ, ಮನೆಗೆಲಸದ ಅನ್ನಾ ಅಲ್ಲಿದ್ದ 264 ಪುಟ್ಟ ಜಪಾನಿ ಕೆತ್ತನೆಗಳನ್ನು ಒಮ್ಮೆಗೆ ಕೆಲವೇ ಕೆಲವನ್ನು ಜೇಬಿಗಿಳಿಸಿ, ತನ್ನ ಹಾಸಿಗೆಯೊಳಗೆ ಬಚ್ಚಿಟ್ಟು, ಯುದ್ಧ ಮುಗಿದ ಮೇಲೆ ಮನೆಯ ಮಗಳಿಗೆ ಒಪ್ಪಿಸಿದಳೆಂದು ಅದರಲ್ಲಿದೆ. ಹಲವು ನಗರಗಳಲ್ಲಿ ತಲೆಮಾರುಗಳ ಜಾಡು ಹಿಡಿದ ಲೇಖಕರಿಗೆ ಆಕೆಯ ಪೂರ್ತಿ ಹೆಸರು ಮಾತ್ರ ಸಿಗಲಿಲ್ಲ. ಸಿಗಲಿಲ್ಲವೆಂದು ಅವರು ಬರೆದರು. ನನ್ನ ಗೌರವ ಆ ಒಪ್ಪಿಗೆಗೆ.

ಮನೆತನದಾಚೆಗೂ ಇದೇ ಚಾಳಿ. ಸಂಸ್ಥೆಯೊಂದರ ಇತಿಹಾಸವೆಂದರೆ ಅಧ್ಯಕ್ಷರ ಭಾವಚಿತ್ರಗಳ ಸಾಲು. ಮೂವತ್ತು ವರ್ಷ ಬಾಗಿಲು ತೆರೆದವನು ಗುಂಪುಚಿತ್ರದ ಅಂಚಿನಲ್ಲಿ ಅರ್ಧ ಕತ್ತರಿಸಿಹೋಗಿರುತ್ತಾನೆ.

ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿದೆ. ಅದರಲ್ಲಿ ನಿಮ್ಮ ತಂದೆ, ಅಜ್ಜ, ಮುತ್ತಜ್ಜ ಮೂವರ ಹೆಸರುಗಳೂ ಬಿರುದುಸಮೇತ ಇವೆ. ಆ ಪುಸ್ತಕವನ್ನು ನಿಮ್ಮ ಕೈಗಿತ್ತ ತಾಯಿಯವರು ಮಾತ್ರ ‘ನಮ್ಮ ತಾಯಿ’ಯಾಗಿಯೇ ಉಳಿದಿದ್ದಾರೆ. ಮುಂದಿನ ಪತ್ರದಲ್ಲಿ ಅವರ ಹೆಸರನ್ನೂ ಬರೆಯಿರಿ.